ಟ್ರೇಲರಿಗೂ ಬ್ರೇಕ್ ಬೇಕು

ಸೋಲೂರು ಕಡೆಯ ಇಳಿಜಾರಿನಲ್ಲಿ ಗೊಬ್ಬರ ತುಂಬಿದ ಟ್ರೇಲರ್ ಒಮ್ಮೆ ನನ್ನ ಟ್ರಾಕ್ಟರನ್ನೇ ಅಡ್ಡ ತಿರುಗಿಸಿಬಿಟ್ಟಿತು. ಬದುವಿಗೆ ತಾಗಿ ನಿಂತದ್ದರಿಂದ ಬಚಾವಾದೆ. ಬ್ರೇಕೇನೋ ಹಿಡಿದಿತ್ತು, ಆದರೆ ಟ್ರಾಕ್ಟರಿಗೆ ಮಾತ್ರ. ಹಿಂದಿನ ಭಾರ ನೂಕುತ್ತಲೇ ಇತ್ತು.

ಇದಕ್ಕೊಂದು ಪರಿಹಾರ ಏರ್ ಬ್ರೇಕ್. ಇಂಜಿನ್ನಿನಿಂದ ತಿರುಗುವ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಎರಡು ಪೈಪಿನ ವ್ಯವಸ್ಥೆಯಲ್ಲಿ ಒಂದು ಪೈಪು ಟ್ರೇಲರಿನ ಟ್ಯಾಂಕನ್ನು ಸದಾ ತುಂಬಿಡುತ್ತದೆ. ಪೆಡಲ್ ತುಳಿದಾಗ ಇನ್ನೊಂದು ಪೈಪಿನ ಗಾಳಿ ಟ್ರೇಲರಿನ ವಾಲ್ವ್ ತೆರೆಯುತ್ತದೆ. ಆಗ ಚೇಂಬರಿಗೆ ಗಾಳಿ ನುಗ್ಗಿ, ಲೈನರ್ ಡ್ರಮ್ಮಿಗೆ ಒತ್ತುತ್ತದೆ. ಮೊದಲ ಪೈಪು ಕಿತ್ತುಹೋದರೆ ಟ್ರೇಲರ್ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಹಾಗಾಗಿ ಪೈಪುಗಳನ್ನು ಅದಲುಬದಲು ಮಾಡಬೇಡಿ. ಟ್ರೇಲರಿನ ಆಕ್ಸಲ್‌ಗೆ ಬ್ರೇಕ್ ಡ್ರಮ್ ಇರಲೇಬೇಕು. ಜೋಡಣೆ ಬಲ್ಲವರಿಂದಲೇ ಆಗಲಿ.

ದಿನದ ಕೆಲಸ ಇಷ್ಟೇ:

1. ಜೋಡಿಸುವ ಮೊದಲು ಪೈಪಿನ ಬಾಯಿಯ ಮಣ್ಣು ಒರೆಸಿ.
2. ಸೋಪುನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದರ್ಥ.
3. ಸಂಜೆ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಿ.
4. ಅದೇ ಟ್ಯಾಂಕಿನಿಂದ ಟೈರಿಗೆ ಗಾಳಿ ಹಿಡಿದಿದ್ದರೆ, ಮೀಟರ್ ಮುಳ್ಳು ಮೇಲೇರುವ ತನಕ ಗಾಡಿ ಕದಲಿಸಬೇಡಿ.
5. ಹೊರಟ ಕೂಡಲೇ ನಿಧಾನದಲ್ಲಿ ಒಮ್ಮೆ ಬ್ರೇಕ್ ತುಳಿದು ನೋಡಿ.

ಏರ್ ಬ್ರೇಕ್ ಇಲ್ಲದವರು ಏನು ಮಾಡಬೇಕು? ಹೊರೆ ಇಳಿಸಿ. ರಸ್ತೆಗಿಳಿಯುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಸೇರಿಸಿ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಉಳಿಯುವುದು ನಾಲ್ಕು ಕಾಸು, ಹೋಗುವುದು ಜೀವ.