ಚಳಿಗಾಲದ ಮೇಳಗಳಿಗೆ ಹೊರಡುವವರ ಪಾದರಕ್ಷೆ

ನಮ್ಮ ರಾಜ್ಯದ ರಫ್ತುದಾರರಿಗೆ ಮುಖ್ಯವೆನಿಸುವ ಜರ್ಮನಿಯ ಹಲವು ವ್ಯಾಪಾರ ಮೇಳಗಳು ಕಡುಚಳಿಯ ತಿಂಗಳುಗಳಲ್ಲಿಯೇ ಬರುತ್ತವೆ. ಗೃಹವಸ್ತ್ರಗಳ ಹೈಮ್‌ಟೆಕ್ಸ್‌ಟಿಲ್ ಮೇಳ ಫ್ರಾಂಕ್‌ಫರ್ಟ್‌ನಲ್ಲಿ ಜನವರಿಯಲ್ಲಿ ನಡೆಯುತ್ತದೆ. ಗೃಹೋಪಯೋಗಿ ವಸ್ತು ಹಾಗೂ ಉಡುಗೊರೆಗಳ ಆಂಬಿಯೆಂಟೆ ಅದೇ ನಗರದಲ್ಲಿ ಫೆಬ್ರವರಿಯಲ್ಲಿ. ಆಟಿಕೆಗಳ ಮೇಳವು ನ್ಯೂರೆಂಬರ್ಗ್‌ನಲ್ಲಿ ಜನವರಿಯ ಕೊನೆಗೋ ಫೆಬ್ರವರಿಯ ಆರಂಭಕ್ಕೋ ಬೀಳುತ್ತದೆ. ಸಾವಯವ ಆಹಾರದ ಬಯೋಫಾಖ್ ಸಹ ಸಾಮಾನ್ಯವಾಗಿ ಫೆಬ್ರವರಿಯಲ್ಲಿಯೇ. ಚನ್ನಪಟ್ಟಣದ ಆಟಿಕೆಯವರಾಗಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿಯವರಾಗಲಿ, ಹೋಗಬೇಕಾದುದು ನೆಲ ಹೆಪ್ಪುಗಟ್ಟುವ ಕಾಲದಲ್ಲಿ. ಮಾದರಿಗಳು, ದರಪಟ್ಟಿ, ವೀಸಾ, ಉಣ್ಣೆಯ ಕೋಟು ಇವೆಲ್ಲಕ್ಕೂ ತಿಂಗಳುಗಟ್ಟಲೆ ಸಿದ್ಧತೆ ನಡೆಸುವ ನಾವು ಪಾದರಕ್ಷೆಯ ವಿಷಯದಲ್ಲಿ ಮಾತ್ರ ಉದಾಸೀನರು.

ಈ ಲೇಖಕನೂ ಹಾಗೆಯೇ ಇದ್ದವನು. ಮೊದಲ ಬಾರಿಗೆ ಮೇಳಕ್ಕೆ ಹೋದಾಗ ಗೌರವಯುತವಾಗಿ ಕಾಣಬೇಕೆಂದು ಚರ್ಮದ ಅಟ್ಟೆಯ ಹೊಸ ಕರಿಯ ಷೂಗಳನ್ನು ಬೆಂಗಳೂರಿನಲ್ಲಿ ಕೊಂಡು ಧರಿಸಿದ್ದೆ. ಮೊದಲ ದಿನವೇ ಬೆಳಗ್ಗೆ ಟ್ರಾಮ್ ನಿಲ್ದಾಣದ ಇಳಿಜಾರಿನಲ್ಲಿ ಎರಡೂ ಕಾಲುಗಳು ಒಟ್ಟಿಗೆ ಮುಂದಕ್ಕೆ ಜಾರಿದವು. ನೆಲಕ್ಕೂರಿದ ಬಲಗೈಯ ಮಣಿಕಟ್ಟು ಮುರಿಯಿತು. ವೀಸಾಕ್ಕಾಗಿ ಮಾಡಿಸಲೇಬೇಕಾದ ವಿಮೆ ಇದ್ದುದರಿಂದ ಆಸ್ಪತ್ರೆಯ ವೆಚ್ಚ ಕೈಬಿಡಲಿಲ್ಲವೆನ್ನಿ. ಆದರೆ ಆರು ತಿಂಗಳಿನಿಂದ ಪತ್ರವ್ಯವಹಾರ ನಡೆಸಿ ಗೊತ್ತುಮಾಡಿಕೊಂಡಿದ್ದ ಭೇಟಿಗಳಲ್ಲಿ ಹೆಚ್ಚಿನವು ತಪ್ಪಿಹೋದವು. ಅದನ್ನು ತುಂಬಿಕೊಡುವ ವಿಮೆ ಯಾವುದೂ ಇರಲಿಲ್ಲ.

ಮಂಜುಗಡ್ಡೆ ಎಲ್ಲ ಹೊತ್ತಿನಲ್ಲಿಯೂ ಒಂದೇ ರೀತಿ ಜಾರುವುದಿಲ್ಲ. ಚಳಿ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬ ನಮ್ಮವರ ಎಣಿಕೆ ಸರಿಯಲ್ಲ. ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು, ಗಟ್ಟಿ ಮಂಜುಗಡ್ಡೆಯ ಮೇಲೆ ನೀರಿನ ತೆಳುಪದರವೊಂದು ನಿಂತಿದ್ದರೆ ಅದೇ ಅತ್ಯಂತ ಅಪಾಯಕಾರಿ. ಹಗಲು ಕರಗಿದ ಹಿಮ ಸಂಜೆಗೆ ಮತ್ತೆ ಹೆಪ್ಪುಗಟ್ಟಿ ಬಣ್ಣವಿಲ್ಲದ ಗಾಜಿನಂತೆ ಕಾಲುದಾರಿಗೆ ಅಂಟಿಕೊಳ್ಳುತ್ತದೆ. ನೋಡಿದವರಿಗೆ ಒದ್ದೆ ಕಲ್ಲಿನಂತೆಯೇ ತೋರುತ್ತದೆ. ಜರ್ಮನಿಯಲ್ಲಿ ಮನೆ ಅಂಗಡಿಗಳ ಮುಂದಿನ ಕಾಲುದಾರಿಯನ್ನು ಶುಚಿಗೊಳಿಸಿ ಮರಳು, ಜಲ್ಲಿಪುಡಿ ಎರಚುವ ಹೊಣೆಯನ್ನು ಸಾಮಾನ್ಯವಾಗಿ ಆಯಾ ಕಟ್ಟಡದ ಒಡೆಯರಿಗೆ ವಹಿಸಲಾಗಿದೆ. ಬಹುಪಾಲು ಊರುಗಳಲ್ಲಿ ಈ ಹೊಣೆ ಬೆಳಗ್ಗೆ ಸುಮಾರು 7ರಿಂದ ರಾತ್ರಿ 8ರವರೆಗೆ ಮಾತ್ರ. ಮಳಿಗೆ ಸಿದ್ಧಪಡಿಸಲು ನಸುಕಿನಲ್ಲಿ ಹೊರಡುವವರೂ ಖರೀದಿದಾರರೊಡನೆ ಊಟ ಮುಗಿಸಿ ತಡವಾಗಿ ಹಿಂದಿರುಗುವವರೂ ಈ ರಕ್ಷಣೆಯ ಹೊರಗೆ ಉಳಿಯುತ್ತಾರೆ ಎಂಬುದು ಗಮನಾರ್ಹ.

ಇನ್ನು ಆಯ್ಕೆಯ ವಿಚಾರ. ಪಾದವನ್ನು ಬೆಚ್ಚಗಿಡುವ ಬೂಟು ಜಾರದ ಬೂಟೂ ಆಗಿರಬೇಕೆಂಬ ನಿಯಮವಿಲ್ಲ. ಟೊರಾಂಟೊ ಪುನರ್ವಸತಿ ಸಂಸ್ಥೆಯ ಸಂಶೋಧಕರು ಇದನ್ನು ಪ್ರಯೋಗದಿಂದಲೇ ತೋರಿಸಿಕೊಟ್ಟಿದ್ದಾರೆ. ಅವರ ಪ್ರಯೋಗಾಲಯದಲ್ಲಿ ಮಂಜುಗಡ್ಡೆಯ ನೆಲವಿದೆ. ಬೀಳದಂತೆ ಪಟ್ಟಿ ಬಿಗಿದುಕೊಂಡ ಸ್ವಯಂಸೇವಕರು ಅದರ ಮೇಲೆ ನಡೆಯುತ್ತಿರುವಾಗ, ಅವರು ಜಾರುವವರೆಗೂ ನೆಲವನ್ನು ಸ್ವಲ್ಪಸ್ವಲ್ಪವೇ ಓರೆಮಾಡುತ್ತಾ ಹೋಗುತ್ತಾರೆ. ಒಣ ಮಂಜುಗಡ್ಡೆ, ಕರಗುತ್ತಿರುವ ಮಂಜುಗಡ್ಡೆ ಎರಡರಲ್ಲಿಯೂ ಕನಿಷ್ಠ 7 ಡಿಗ್ರಿ ಓರೆಯಲ್ಲಿ ನಿಂತರೆ ಉತ್ತೀರ್ಣ. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 98 ಬಗೆಯ ಚಳಿಗಾಲದ ಪಾದರಕ್ಷೆಗಳ ಪೈಕಿ ಉತ್ತೀರ್ಣವಾದವು 9 ಮಾತ್ರ. ಕೆನಡಾದ ಚಳಿಗಾಲಕ್ಕೆಂದು ಮಾರಾಟವಾಗುವ ಸರಕಿನ ಪಾಡೇ ಇದಾದರೆ ನಮ್ಮ ಪೇಟೆಯ ಸರಕನ್ನು ಕೇಳುವುದೇ ಬೇಡ! ಆ ಪರೀಕ್ಷೆಯಲ್ಲಿ ಮುಂದೆ ನಿಂತವು ರಬ್ಬರಿನಲ್ಲಿ ಗಾಜಿನ ಸೂಕ್ಷ್ಮ ಎಳೆಗಳನ್ನೋ ಗಡುಸಾದ ಹರಳಿನ ಕಣಗಳನ್ನೋ ಬೆರೆಸಿ ತಯಾರಿಸಿದ ಅಟ್ಟೆಗಳು.

ಯೂರೋಪಿನ ಸುರಕ್ಷತಾ ಷೂಗಳ ಮೇಲೆ ಎಸ್‌ಆರ್‌ಸಿ ಅಥವಾ 2022ರ ಪರಿಷ್ಕರಣೆಯ ನಂತರ ಬಂದ ಎಸ್‌ಆರ್ ಎಂಬ ಗುರುತು ಇರುತ್ತದೆ. ಇದನ್ನು ನೋಡಿ ನಿಶ್ಚಿಂತರಾಗುವವರುಂಟು. ಆ ಗುರುತು ಹೇಳುವುದು ಮಾರ್ಜಕದ ನೀರು ಮತ್ತು ಗ್ಲಿಸರಿನ್ ಸವರಿದ ನೆಲದ ಮೇಲಿನ ಹಿಡಿತವನ್ನು. ಕಾರ್ಖಾನೆಗೂ ಅಡುಗೆಮನೆಗೂ ಅದು ಉಪಯುಕ್ತ. ಮಂಜುಗಡ್ಡೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅಟ್ಟೆಯ ಪದಾರ್ಥವೇ ಇಲ್ಲಿ ನಿರ್ಣಾಯಕ. ಪಿವಿಸಿ ಮೊದಲಾದ ಅಗ್ಗದ ಪ್ಲಾಸ್ಟಿಕ್ ಅಟ್ಟೆಗಳು ಬೆಂಗಳೂರಿನ ಹವೆಯಲ್ಲಿ ಮೆದುವಾಗಿಯೇ ಇದ್ದು, ಚಳಿಗೆ ಸಿಕ್ಕೊಡನೆ ಹಲಗೆಯಂತೆ ಗಡುಸಾಗುತ್ತವೆ. ಗಡುಸಾದ ಅಟ್ಟೆ ನೆಲದ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳಲಾರದು. ನೈಸರ್ಗಿಕ ರಬ್ಬರು (ನಮ್ಮ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳ ಉತ್ಪನ್ನವೇ) ಸೊನ್ನೆಗಿಂತ ಬಹಳ ಕೆಳಗಿನ ಉಷ್ಣಾಂಶದಲ್ಲಿಯೂ ತನ್ನ ಮೃದುತ್ವವನ್ನು ಉಳಿಸಿಕೊಳ್ಳುತ್ತದೆ. ಆದರೆ ಅಂಗಡಿಯಲ್ಲಿ ಎಲ್ಲವನ್ನೂ ರಬ್ಬರೆಂದೇ ಮಾರುತ್ತಾರೆ. ಆದ್ದರಿಂದ ಒಂದು ಸುಲಭ ಪರೀಕ್ಷೆಯನ್ನು ಸೂಚಿಸಬಹುದು. ಷೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ತೆಗೆದ ಕೂಡಲೇ ಅಟ್ಟೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿರಿ, ಕೈಯಿಂದ ಬಾಗಿಸಿರಿ. ಉಗುರು ಊರಿದರೆ, ಅಟ್ಟೆ ಬಾಗಿದರೆ ಆ ಜೋಡನ್ನು ಕೊಂಡೊಯ್ಯಬಹುದು. ಮನೆಯವರ ಆಕ್ಷೇಪಣೆಗೆ ಉತ್ತರವನ್ನು ಮಾತ್ರ ಓದುಗರೇ ಕಂಡುಕೊಳ್ಳಬೇಕು.

ಅಟ್ಟೆಯ ಆಳವಾದ ಗೀರುಗಳು ಸಡಿಲ ಹಿಮದಲ್ಲಿ ಉಪಯೋಗಕ್ಕೆ ಬರುತ್ತವೆ. ನುಣುಪು ಮಂಜುಗಡ್ಡೆಯ ಮೇಲಾದರೋ ಮೆದು ಪದಾರ್ಥ ಹೆಚ್ಚು ವಿಸ್ತಾರದಲ್ಲಿ ನೆಲವನ್ನು ಮುಟ್ಟಬೇಕು. ಹಿಮ್ಮಡಿ ತಗ್ಗಾಗಿ ಅಗಲವಾಗಿರಲಿ. ದಪ್ಪ ಉಣ್ಣೆಯ ಕಾಲುಚೀಲ ಧರಿಸಿಯೇ ಅಳತೆ ನೋಡಿರಿ.

ಮೆದು ರಬ್ಬರಿಗೂ ಒದ್ದೆ ಮಂಜುಗಡ್ಡೆಯ ಮೇಲೆ ಮಿತಿಯುಂಟು. ಅಂಥ ದಿನಗಳಿಗೆಂದು ಷೂವಿನ ಮೇಲೆ ಎಳೆದು ತೊಡಿಸುವ ರಬ್ಬರು ಪಟ್ಟಿಯ ಉಕ್ಕಿನ ಮುಳ್ಳುಗಳು ದೊರೆಯುತ್ತವೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಾಡಳಿತವು 65 ವರ್ಷ ದಾಟಿದ ನಿವಾಸಿಗಳಿಗೆ ಇವನ್ನು ಉಚಿತವಾಗಿ ಹಂಚಿದುದುಂಟು. ಇವು ಯಾವುದೂ ಕೈಯಲ್ಲಿಲ್ಲದಿದ್ದರೆ ಷೂವಿನ ಮೇಲೆಯೇ ಒಂದು ಜೊತೆ ಕಾಲುಚೀಲ ಎಳೆದುಕೊಳ್ಳಬಹುದು. ನಗಬೇಡಿರಿ. ನ್ಯೂಜಿಲೆಂಡಿನ ಡನೆಡಿನ್ ನಗರದ ಮಂಜುಗಟ್ಟಿದ ಇಳಿಜಾರುಗಳಲ್ಲಿ ಒಟಾಗೊ ವಿಶ್ವವಿದ್ಯಾನಿಲಯದವರು ಇದನ್ನು ಪಾದಚಾರಿಗಳ ಮೇಲೆ ಪರೀಕ್ಷಿಸಿ, ಕಾಲುಚೀಲ ಹಾಕಿಕೊಂಡವರು ಕಡಿಮೆ ಜಾರಿದರೆಂದು 2009ರಲ್ಲಿ ಪ್ರಕಟಿಸಿದರು. ಮರುವರ್ಷ ಅವರಿಗೆ ವಿನೋದದ ಇಗ್ ನೊಬೆಲ್ ಪ್ರಶಸ್ತಿಯೂ ಬಂದಿತು. ಹೋಟೆಲಿನಿಂದ ನಿಲ್ದಾಣದವರೆಗೆ ಈ ಉಪಾಯ ಸಾಕು.

ನಡಿಗೆಯನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ಹಿಮ್ಮಡಿಯನ್ನು ಮೊದಲು ಊರುವ ನಮ್ಮ ದಾಪುಗಾಲು ಅಲ್ಲಿ ಸಲ್ಲದು. ಮೈಭಾರವನ್ನು ಮುಂಗಾಲಿನ ಮೇಲೆ ಇಟ್ಟು, ಪಾದಗಳನ್ನು ತುಸು ಹೊರಕ್ಕೆ ತಿರುಗಿಸಿ, ಪೂರ್ತಿ ಪಾದವನ್ನು ಒಮ್ಮೆಗೇ ಊರುತ್ತಾ ಗಿಡ್ಡ ಹೆಜ್ಜೆಗಳಲ್ಲಿ ಸಾಗಬೇಕು. ಕೈಗಳು ಕೋಟಿನ ಜೇಬಿನಲ್ಲಿರಕೂಡದು. ಮಾದರಿಗಳ ಚೀಲವನ್ನು ಒಂದು ಕೈಯಲ್ಲಿ ತೂಗಾಡಿಸದೆ ಬೆನ್ನಿಗೆ ಹಾಕಿಕೊಳ್ಳುವುದು ಮೇಲು.

ಮೇಳದ ಬಾಗಿಲಲ್ಲಿ ಉಕ್ಕಿನ ಮುಳ್ಳುಗಳನ್ನು ತಪ್ಪದೆ ಕಳಚಿರಿ. ನಯವಾದ ಕಲ್ಲು, ಹೆಂಚುಗಳ ಮೇಲೆ ಅವೇ ಜಾರಿಸಿ ಬೀಳಿಸುತ್ತವೆ. ವಿಮಾನ ಪ್ರಯಾಣದಲ್ಲಿ ಅವನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿ ಕಳುಹಿಸುವುದು ಕ್ಷೇಮ. ಕರಿಯ ಚರ್ಮದ ಷೂಗಳೇ ಬೇಕೆನ್ನುವ ಸದಸ್ಯರು ಅವನ್ನು ಚೀಲದಲ್ಲಿ ಒಯ್ದು ಮಳಿಗೆಯಲ್ಲಿ ಬದಲಿಸಿಕೊಳ್ಳಬಹುದು. ಈ ಲೇಖಕ ಎರಡನೆಯ ಮೇಳದಿಂದೀಚೆಗೆ ಹಾಗೆಯೇ ಮಾಡುತ್ತಿದ್ದಾನೆ.