ವಿಮಾನ ನಿಲ್ದಾಣದ ನೆರೆಯ ಜಮೀನು: ನಿರ್ಬಂಧಗಳು, ನಕ್ಷೆ ಮತ್ತು ರೈತರ ಆಕ್ಷೇಪಣೆ

ಬೆಂಗಳೂರಿನ ದಂಡು ಪ್ರದೇಶದಿಂದ ಪೂರ್ವಕ್ಕೆ ಹಲಸೂರು ದಾಟಿ ಹೋದರೆ ಇಂದಿರಾನಗರ, ಕೋಡಿಹಳ್ಳಿ, ಮುರುಗೇಶಪಾಳ್ಯ, ವಿಮಾನಪುರ, ಮಾರತಹಳ್ಳಿಗಳು ಒಂದರ ಹಿಂದೊಂದು ಬರುತ್ತವೆ. ಹಳೆಯ ಮದರಾಸು ರಸ್ತೆ ಹಿಡಿದರೆ ಕೃಷ್ಣರಾಜಪುರ. ಈಗ ಇವೆಲ್ಲ ಪೇಟೆಯೇ ಆಗಿವೆ. ಆದರೆ ಕೋಡಿಹಳ್ಳಿ, ಚಲ್ಲಘಟ್ಟ, ಯಮಲೂರು, ದೊಡ್ಡನೆಕ್ಕುಂದಿ ಎಂಬ ಹೆಸರುಗಳು ಇಲ್ಲಿ ಊರು, ಕೆರೆ, ಹೊಲ ಇದ್ದುದನ್ನು ನೆನಪಿಗೆ ತರುತ್ತವೆ. ಈ ಭಾಗದ ಜಮೀನಿನ ಚಹರೆ ಬದಲಾಗಲು ಒಂದು ಮುಖ್ಯ ಕಾರಣ ಇಲ್ಲಿಗೆ ಬಂದ ವಿಮಾನ ಕಾರ್ಖಾನೆ ಮತ್ತು ಅದರ ನಿಲ್ದಾಣ. ವಿಮಾನ ನಿಲ್ದಾಣದ ಸಮೀಪ ಜಮೀನುಳ್ಳ ರೈತರು ಯಾವ ಕಟ್ಟುಪಾಡುಗಳಿಗೆ ಒಳಪಡುತ್ತಾರೆ, ಜಮೀನಿನ ಉಪಯೋಗವನ್ನು ನಿರ್ಧರಿಸುವಾಗ ಅವರ ಮಾತಿಗೆ ಎಲ್ಲಿ ಅವಕಾಶವಿದೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಎಚ್.ಎ.ಎಲ್. ನೆರೆಹೊರೆ

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಊರಿನ ಪೂರ್ವಕ್ಕೆ ಸುಮಾರು 700 ಎಕರೆ ಜಮೀನನ್ನು ಸರ್ಕಾರ ಒದಗಿಸಿತು. ಯುದ್ಧಕಾಲದ ತುರ್ತಿನಲ್ಲಿ ಕೆಲಸ ಬೇಗ ನಡೆಯಿತು. ಆ ಕಾಲದಲ್ಲಿ ಭೂ ಉಪಯೋಗದ ನಕ್ಷೆ ತಯಾರಿಸಿ, ಅದನ್ನು ಪ್ರಕಟಿಸಿ, ಸುತ್ತಲಿನ ಹಳ್ಳಿಯವರ ಅಭಿಪ್ರಾಯ ಕೇಳಬೇಕೆಂಬ ಕಾನೂನು ರಾಜ್ಯದಲ್ಲಿ ಇರಲಿಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಬಂದದ್ದು 1961ರಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂದದ್ದು 1976ರಲ್ಲಿ. ಅಷ್ಟರೊಳಗೆ ಕಾರ್ಖಾನೆ, ಕಾರ್ಮಿಕರ ವಸತಿ, ಬಡಾವಣೆ ಎಲ್ಲವೂ ನೆಲೆಗೊಂಡಿದ್ದವು. ಇಂದಿರಾನಗರದ ಒಂದು ಭಾಗಕ್ಕೆ ಇಂದಿಗೂ ಎಚ್.ಎ.ಎಲ್. ಎರಡನೆಯ ಹಂತ ಎಂಬ ಹೆಸರೇ ಉಳಿದಿದೆ.

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ಪ್ರಯಾಣಿಕರ ನಿಯತ ವಿಮಾನಗಳು ಇಲ್ಲಿಂದ ಹೊರಟುಹೋದವು. ಅಲ್ಲಿಗೆ ನಿರ್ಬಂಧಗಳೂ ಮುಗಿದವು ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು ತಿಳುವಳಿಕೆ. ರಕ್ಷಣಾ ವಿಮಾನಗಳು, ಪರೀಕ್ಷಾ ಹಾರಾಟಗಳು ಮತ್ತು ಬಾಡಿಗೆ ವಿಮಾನಗಳು ಈಗಲೂ ಇದೇ ರನ್‌ವೇಯನ್ನು ಬಳಸುತ್ತವೆ. ಆದ್ದರಿಂದ ಎತ್ತರದ ಮಿತಿಯೂ ಉಳಿದಿದೆ.

ಎತ್ತರದ ಲೆಕ್ಕ

ವಿಮಾನ ಇಳಿಯುವಾಗ ರನ್‌ವೇಯ ತುದಿಯಿಂದ ಹಿಂದಕ್ಕೆ, ಇಳಿಜಾರಾದ ಚಪ್ಪರದಂತೆ, ಆಕಾಶದಲ್ಲಿ ಒಂದು ಮೇಲ್ಮೈಯನ್ನು ಕಲ್ಪಿಸಿಕೊಳ್ಳಲಾಗುತ್ತದೆ. ಅದರ ಕೆಳಗಿರುವುದು ಇರಬಹುದು, ಅದನ್ನು ಸೀಳಿ ಮೇಲೇಳುವುದು ಇರಬಾರದು. ದೊಡ್ಡ ರನ್‌ವೇಗಳಿಗೆ ಈ ಚಪ್ಪರ ರನ್‌ವೇ ತುದಿಯಿಂದ 60 ಮೀಟರ್ ಆಚೆ ಆರಂಭವಾಗಿ ಮೊದಲ 3 ಕಿಲೋಮೀಟರ್‌ವರೆಗೆ ಶೇ. 2ರ ಪ್ರಮಾಣದಲ್ಲಿ, ಅಂದರೆ 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ರನ್‌ವೇಯ ಎರಡು ಪಕ್ಕಗಳಲ್ಲಿ ಏರಿಕೆ ಹೆಚ್ಚು: 7 ಮೀಟರಿಗೆ 1 ಮೀಟರ್. ಸುತ್ತಲೂ 4 ಕಿಲೋಮೀಟರ್‌ವರೆಗೆ ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ಸಮತಟ್ಟಾದ ಇನ್ನೊಂದು ಮೇಲ್ಮೈ ಇರುತ್ತದೆ.

ಇದು ಕಟ್ಟಡ ಕಟ್ಟುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. 1934ರ ವಿಮಾನ ಕಾಯಿದೆಗೆ 1972ರಲ್ಲಿ ಆದ ತಿದ್ದುಪಡಿ ಕಟ್ಟಡಗಳ ಜೊತೆಗೆ ಮರ ನೆಡುವುದನ್ನೂ ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2025ರ ಜನವರಿ 1ರಿಂದ ಆ ಕಾಯಿದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಈ ಅಧಿಕಾರ ಮುಂದುವರಿದಿದೆ. ಬೆಳೆದು ನಿಂತ ತೆಂಗು 20 ಮೀಟರ್ ಎತ್ತರವೆಂದು ಇಟ್ಟುಕೊಂಡರೆ, ರನ್‌ವೇಯ ನೇರದಲ್ಲಿ ಚಪ್ಪರ ಆರಂಭವಾಗುವಲ್ಲಿಂದ 1,000 ಮೀಟರ್ ಒಳಗೆ ಅದು ಅಡ್ಡಿಯಾಗಬಹುದು. 30 ಮೀಟರಿಗೆ ಏರುವ ನೀಲಗಿರಿ ಅಥವಾ ಸಿಲ್ವರ್ ಓಕ್ ಮರಗಳಿಗೆ 1,500 ಮೀಟರ್ ಬೇಕು. ಇಂಥ ಕಡೆ ಬದುಗಳ ಮೇಲೆ ನಿಂಬೆ, ಸೀಬೆ, ಕರಿಬೇವಿನಂಥ ಗಿಡ್ಡ ಜಾತಿಗಳನ್ನು ಹಾಕುವುದು ಲೇಸು. ಹತ್ತು ವರ್ಷ ನೀರೆರೆದು ಬೆಳೆಸಿದ ಮರವನ್ನು ಕಡಿಯಬೇಕಾಗಿ ಬರುವುದಕ್ಕಿಂತ ಆರಂಭದಲ್ಲೇ ಯೋಚಿಸುವುದು ವಾಸಿ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಎತ್ತರವನ್ನು ಅಳೆಯುವುದು ಜಮೀನಿನ ನೆಲದಿಂದಲ್ಲ, ಸಮುದ್ರ ಮಟ್ಟದಿಂದ. ಎಚ್.ಎ.ಎಲ್. ನಿಲ್ದಾಣ ಸುಮಾರು 888 ಮೀಟರ್ ಎತ್ತರದಲ್ಲಿದೆ. ಅದಕ್ಕೆ 45 ಸೇರಿಸಿದರೆ 933 ಮೀಟರ್. ಜಮೀನು ದಿಣ್ಣೆಯ ಮೇಲೆ 905 ಮೀಟರ್ ಎತ್ತರದಲ್ಲಿದ್ದರೆ ಉಳಿಯುವುದು 28 ಮೀಟರ್ ಮಾತ್ರ. ತಗ್ಗಿನಲ್ಲಿರುವ ನೆರೆಯವನಿಗೆ ಹೆಚ್ಚು ಸಿಕ್ಕರೆ ಅದರಲ್ಲಿ ಪಕ್ಷಪಾತವೇನೂ ಇಲ್ಲ. 2015ರ ನಿಯಮಗಳ ಪ್ರಕಾರ ಬಣ್ಣಗಳ ವಲಯ ನಕ್ಷೆ ಇದ್ದು, ಯಾವ ಚೌಕದಲ್ಲಿ ಎಷ್ಟು ಎತ್ತರ ಎಂಬುದನ್ನು ಅದರಲ್ಲಿ ನೋಡಬಹುದು. ಕೆಂಪು ಬಣ್ಣದ ಭಾಗವಾದರೆ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಆರಂಭಿಸಬಾರದು. ಮೇಲೆ ಹೇಳಿದ ಲೆಕ್ಕ ಅಂದಾಜಿಗೆ ಮಾತ್ರ.

ರನ್‌ವೇಯ ನೇರದ ಜಾಗವನ್ನು ಬಯಲಾಗಿ ಬಿಡಬೇಕೆಂಬುದು ಅಧಿಕಾರಿಗಳ ಹಟವೆಂದು ಭಾವಿಸುವುದು ಸರಿಯಲ್ಲ. 1990ರ ಫೆಬ್ರವರಿ 14ರಂದು ಇಲ್ಲಿ ಇಳಿಯಬೇಕಾಗಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ರನ್‌ವೇ ತಲಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ಸತ್ತರು. ಅಪಘಾತಕ್ಕೂ ಸುತ್ತಲಿನ ಭೂ ಉಪಯೋಗಕ್ಕೂ ಸಂಬಂಧವಿರಲಿಲ್ಲ. ಆದರೆ ವಿಮಾನ ಬಿದ್ದ ಜಾಗ ಮೈದಾನವಾಗಿತ್ತು; ಅಲ್ಲಿ ಸಾಲುಮನೆಗಳಿದ್ದಿದ್ದರೆ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ.

ಕಸ ಮತ್ತು ಹಕ್ಕಿಗಳು

ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಆಕರ್ಷಿಸುವಂತೆ ಕಸ ಸುರಿಯುವುದಕ್ಕೂ ಬಯಲಿನಲ್ಲಿ ಪ್ರಾಣಿವಧೆಗೂ 1937ರ ವಿಮಾನ ನಿಯಮಗಳು ನಿಷೇಧ ಹಾಕಿವೆ. ಹದ್ದೊಂದು ಎಂಜಿನ್ನಿಗೆ ಸಿಕ್ಕರೆ ಸಾಕು, ಅನಾಹುತವಾಗುತ್ತದೆ. ಪೇಟೆಯ ಕಸವನ್ನು ಗೊಬ್ಬರಕ್ಕೆಂದು ತರಿಸುವ ರೈತರು ಅದನ್ನು ಹೊಲದಲ್ಲಿ ತೆರೆದು ಗುಡ್ಡೆ ಹಾಕದೆ, ಗುಂಡಿಗೆ ತುಂಬಿ ಮಣ್ಣು ಮುಚ್ಚತಕ್ಕದ್ದು. ಕೋಳಿ ಸಾಕುವವರು ಸತ್ತ ಕೋಳಿಗಳನ್ನು ಬೇಲಿಯಾಚೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ನಕ್ಷೆ ಹೇಗೆ ಆಗುತ್ತದೆ?

ಮೇಲಿನ ನಿರ್ಬಂಧಗಳು ಆಕಾಶಕ್ಕೆ ಸಂಬಂಧಿಸಿದವು. ನೆಲಕ್ಕೆ ಸಂಬಂಧಿಸಿದ್ದು ಮಹಾಯೋಜನೆ. ಯಾವ ಸರ್ವೆ ನಂಬರು ಕೃಷಿ ವಲಯ, ಯಾವುದು ವಸತಿ, ಯಾವುದು ಕೈಗಾರಿಕೆ, ರಸ್ತೆ ಎಲ್ಲಿ ಹಾಯುತ್ತದೆ ಎಂಬುದನ್ನು ಅದು ನಿಶ್ಚಯಿಸುತ್ತದೆ. ಕೃಷಿಗೆ ಹಸಿರು, ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ ಬಣ್ಣ ಹಾಕುವುದು ರೂಢಿ. ಹೊಲದ ನಡುವೆ ರಸ್ತೆಯ ಗೆರೆ ಎಳೆದಿದ್ದರೆ ಆ ರಸ್ತೆ ಇಪ್ಪತ್ತು ವರ್ಷ ಬಾರದಿದ್ದರೂ ಭೂಪರಿವರ್ತನೆ, ಮನೆ ಕಟ್ಟುವ ಪರವಾನಗಿ ಎಲ್ಲದಕ್ಕೂ ಗೆರೆ ಅಡ್ಡ ಬರುತ್ತದೆ.

ಈ ಯೋಜನೆಯ ಕರಡು ಪ್ರಕಟವಾದ ಮೇಲೆ 60 ದಿನಗಳ ಒಳಗೆ ಸಾರ್ವಜನಿಕರು ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದೆಂದು 1961ರ ಅಧಿನಿಯಮದ 13ನೆಯ ಪ್ರಕರಣ ಹೇಳುತ್ತದೆ. ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಲೇಬೇಕು. ಬೆಂಗಳೂರಿಗೆ 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಯೋಜನೆಯ ನಂತರ, 2031ರವರೆಗಿನ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಅದಕ್ಕೆ ಬಹಳಷ್ಟು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕರಡು ಎಂದರೆ ಬದಲಾಗಬಲ್ಲದ್ದು ಎಂಬುದಕ್ಕೆ ಇದೇ ನಿದರ್ಶನ. ಅಂತಿಮವಾದ ಮೇಲೆ ಒಂದು ಗೆರೆ ಸರಿಸಲು ವರ್ಷಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ.

ಪಂಚಾಯತಿ ಇನ್ನೂ ಇರುವ ಹಳ್ಳಿಗಳಲ್ಲಿ ಗ್ರಾಮಸಭೆಯನ್ನು ಉಪಯೋಗಿಸಿಕೊಳ್ಳಬಹುದು. ಕೃಷ್ಣರಾಜಪುರದಂತೆ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಕಡೆ ಗ್ರಾಮಸಭೆ ಇಲ್ಲ. ಅಲ್ಲಿ ವಾರ್ಡ್ ಸಮಿತಿಯೇ ದಾರಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ದೊಡ್ಡ ನಗರಗಳಿಗೆ ಇದನ್ನು ವಿಧಿಸಿದೆ. ಸಮಿತಿ ಕಾಗದದ ಮೇಲೆ ಇರುವುದೂ ಸಭೆ ಸೇರುವುದೂ ಬೇರೆ ಬೇರೆ. ಬೆಂಗಳೂರಿನಲ್ಲಿ ಇದಕ್ಕಾಗಿ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ದೇವನಹಳ್ಳಿಯ ಉದಾಹರಣೆ

ನಿಲ್ದಾಣ ಪೂರ್ವದಿಂದ ಉತ್ತರಕ್ಕೆ ಹೋದಂತೆ ಭೂಮಿಯ ಪ್ರಶ್ನೆಯೂ ಅತ್ತ ಸಾಗಿತು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿ ನಿಲ್ದಾಣಕ್ಕೇ ಸುಮಾರು 4,000 ಎಕರೆ ಹೋಗಿದೆ. ಸುತ್ತಲಿನ ಪ್ರದೇಶಕ್ಕೆ ಪ್ರತ್ಯೇಕ ಯೋಜನಾ ಪ್ರಾಧಿಕಾರವನ್ನು ರಚಿಸಲಾಯಿತು. ಆಮೇಲೆ ವೈಮಾಂತರಿಕ್ಷ ಕೈಗಾರಿಕೆಗಳಿಗಾಗಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಪಡೆಯಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಕ್ರಮ ಆರಂಭವಾಯಿತು. ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಅದು ಮೂರು ವರ್ಷಕ್ಕೂ ಮೀರಿ ನಡೆಯಿತು. 2025ರ ಜುಲೈ 15ರಂದು ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ತಿಳಿಸಿದರು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಮಹಾಯೋಜನೆಗೆ 60 ದಿನಗಳ ಅವಕಾಶವಿದ್ದರೆ, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ 28ನೆಯ ಪ್ರಕರಣದ ನೋಟೀಸಿಗೆ, ಅದು ಕೈಸೇರಿದ ದಿನದಿಂದ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ನೋಟೀಸು ಪಹಣಿಯಲ್ಲಿರುವ ಹೆಸರಿಗೆ ಬರುತ್ತದೆ. ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಪಹಣಿ ನಿಂತಿದ್ದರೆ ಉಳುವ ಮಗನಿಗೆ ಸುದ್ದಿ ತಿಳಿಯುವಷ್ಟರಲ್ಲಿ ವಾಯಿದೆ ಮೀರಬಹುದು. ಪೌತಿ ಖಾತೆಯನ್ನು ಮುಂದಕ್ಕೆ ಹಾಕುತ್ತ ಬಂದ ಕುಟುಂಬಗಳಿಗೆ ಇದರಿಂದಲೇ ಹೆಚ್ಚು ನಷ್ಟ.

ಆಕ್ಷೇಪಣೆ ಬರೆಯುವ ಕ್ರಮ

ಉದ್ದನೆಯ ಅರ್ಜಿ ಬೇಕಾಗಿಲ್ಲ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ ಮೊದಲು ಬರಲಿ. ನಂತರ ಜಮೀನಿನಲ್ಲಿರುವ ಬೆಳೆ, ಬಾವಿ ಅಥವಾ ಕೊಳವೆ ಬಾವಿ, ಮರಗಳ ಸಂಖ್ಯೆ, ಕುಟುಂಬದಲ್ಲಿ ಇದನ್ನೇ ನಂಬಿದವರು ಎಷ್ಟು ಮಂದಿ ಎಂಬುದನ್ನು ಬರೆಯಬೇಕು. ನಕ್ಷೆಯ ಯಾವ ಹಾಳೆಯಲ್ಲಿ ಯಾವ ಗೆರೆ ಅಥವಾ ಬಣ್ಣ ತಪ್ಪಾಗಿದೆ ಎಂದು ಗುರುತಿಸಿ, ಸಾಧ್ಯವಿದ್ದರೆ ಪರ್ಯಾಯವನ್ನೂ ಸೂಚಿಸಬೇಕು. ರಸ್ತೆಯನ್ನು ಪಕ್ಕದ ಬಂಡಿದಾರಿಯ ಮೇಲೆ ಹಾಯಿಸಬಹುದು ಎಂಬಂಥ ಸಲಹೆಯನ್ನು ಅಧಿಕಾರಿಗಳು ಪರಿಶೀಲಿಸಲು ಸುಲಭ. 'ನಮಗೆ ಅನ್ಯಾಯವಾಗಿದೆ' ಎಂದಷ್ಟೇ ಬರೆದರೆ ಕಡತಕ್ಕೆ ಸೇರಿಹೋಗುತ್ತದೆ. ಕೆರೆ, ರಾಜಕಾಲುವೆ, ಗೋಮಾಳ ನಕ್ಷೆಯಲ್ಲಿ ಬಿಟ್ಟುಹೋಗಿದ್ದರೆ ಅದನ್ನು ಊರಿನವರೆಲ್ಲ ಸೇರಿ ಬೇರೆ ಅರ್ಜಿಯಲ್ಲಿ ತಿಳಿಸುವುದು ಸೂಕ್ತ, ಏಕೆಂದರೆ ಅದಕ್ಕೆ ಒಬ್ಬ ಖಾತೆದಾರನಿರುವುದಿಲ್ಲ.

ಊರಿನ ಪರವಾಗಿ ಒಂದೇ ಅರ್ಜಿ ಕೊಟ್ಟು ಸುಮ್ಮನಾಗದೆ ಪ್ರತಿಯೊಬ್ಬ ಖಾತೆದಾರನೂ ತನ್ನದೇ ಅರ್ಜಿ ಕೊಡಬೇಕು. ಗ್ರಾಮಸಭೆಯ ನಿರ್ಣಯವಿದ್ದರೆ ಅದರ ನಕಲನ್ನು ಲಗತ್ತಿಸಬಹುದು. ಎರಡು ಪ್ರತಿ ಮಾಡಿ, ಒಂದನ್ನು ಟಪ್ಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖಿನೊಂದಿಗೆ ಮೊಹರು ಮತ್ತು ಸಹಿ ಪಡೆದು, ಪಹಣಿ ಮತ್ತು ಕಂದಾಯ ರಸೀದಿಗಳ ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು.