ದೂರವಾದ ಬಂಧುಗಳ ಹಂಬಲ ಮತ್ತು ಒಂಟಿ ನಡಿಗೆ

ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದಾಗ ಆ ದುಃಖವನ್ನು ಹೊರಲು ಊರು ಜೊತೆಗೂಡುತ್ತದೆ. ನೆರೆಹೊರೆಯವರು ಬುತ್ತಿ ತರುತ್ತಾರೆ, ಬಂಧುಗಳು ಬಂದು ಪಕ್ಕದಲ್ಲಿ ಕೂಡುತ್ತಾರೆ, ಶಿವಗಣಾರಾಧನೆಯ ದಿನ ಹೋದವರ ಗುಣಗಳನ್ನು ನೆನೆಯುತ್ತಾರೆ. ಆದರೆ ಎರಡು ಓಣಿಯಾಚೆ ಇರುವ ಮಗ ವರ್ಷಗಳಿಂದ ಮಾತನಾಡದಿದ್ದರೆ, ಆಸ್ತಿಯ ಪಾಲಿನ ಜಗಳದಲ್ಲಿ ಒಡಹುಟ್ಟಿದವರು ಮುಖ ತಿರುಗಿಸಿದ್ದರೆ, ಮನೆಯವರು ಒಪ್ಪದ ಮದುವೆ ಮಾಡಿಕೊಂಡ ಮಗಳು ತವರಿನ ಹೊಸ್ತಿಲು ತುಳಿಯದಿದ್ದರೆ, ಆ ದುಃಖಕ್ಕೆ ಯಾರೂ ಬುತ್ತಿ ತರುವುದಿಲ್ಲ. ಅದಕ್ಕೊಂದು ದಿನವಿಲ್ಲ, ವಿಧಿಯಿಲ್ಲ, ಮುಕ್ತಾಯವೂ ಇಲ್ಲ. ಕೇಳಿದವರಿಗೆ ‘ಚೆನ್ನಾಗಿದ್ದಾರೆ’ ಎಂದು ಹೇಳಿ ಮಾತು ತಿರುಗಿಸುವುದೊಂದೇ ಉಳಿಯುತ್ತದೆ.

ಇಂತಹ ಹಂಬಲವನ್ನು ಹೊತ್ತವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರಿಗೆ ಔಷಧವಲ್ಲದಿದ್ದರೂ ಪಥ್ಯದಂತೆ ನೆರವಾಗಬಲ್ಲ ಒಂದು ಅಭ್ಯಾಸವನ್ನು ಕುರಿತು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ. ಅದೇ ನಿಸರ್ಗದ ನಡುವೆ ಒಬ್ಬರೇ ನಡೆಯುವುದು ಮತ್ತು ಕಂಡದ್ದನ್ನು ಚಿತ್ರವಾಗಿ ಹಿಡಿಯುವುದು.

ಮುಗಿಯದ ದುಃಖದ ಸ್ವರೂಪ

ಅಮೆರಿಕದ ಮನೋವಿಜ್ಞಾನಿ ಪಾಲೀನ್ ಬಾಸ್ ಅವರು 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಸತ್ತರೆಂದು ಅಳುವಂತಿಲ್ಲ, ಬರುವರೆಂದು ನಂಬುವಂತಿಲ್ಲ ಎಂಬ ಸ್ಥಿತಿಯಲ್ಲಿ ಆ ಮನೆಗಳು ವರ್ಷಗಟ್ಟಲೆ ನಿಂತುಹೋಗಿದ್ದವು. ಈ ಬಗೆಯ ಕಳೆದುಕೊಳ್ಳುವಿಕೆಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಅಸ್ಪಷ್ಟ ಅಗಲಿಕೆ’ ಎನ್ನಬಹುದು. ವ್ಯಕ್ತಿ ಕಣ್ಣೆದುರಿಗಿಲ್ಲ, ಆದರೆ ಮನಸ್ಸಿನಲ್ಲಿ ದಿನವೂ ಇದ್ದಾನೆ. ಮುನಿದು ದೂರವಾದ ಬಂಧುಗಳ ವಿಷಯದಲ್ಲಿ ಆಗುವುದೂ ಇದೇ. ಇದು ಅಪರೂಪದ ಸಂಗತಿಯೂ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅವರು ಅಮೆರಿಕದಲ್ಲಿ 1,340 ಜನ ವಯಸ್ಕರನ್ನು ಕೇಳಿದಾಗ, ನೂರಕ್ಕೆ 27 ಜನ ತಮ್ಮ ಕುಟುಂಬದ ಒಬ್ಬರಾದರೂ ಸದಸ್ಯರೊಡನೆ ಸಂಬಂಧ ಕಡಿದುಹೋಗಿದೆಯೆಂದು ತಿಳಿಸಿದರು. ನಮ್ಮಲ್ಲಿ ಮನೆತನದ ಮರ್ಯಾದೆಯ ಭಯ ಹೆಚ್ಚಾದ್ದರಿಂದ ಇಂತಹ ಮಾತು ಹೊರಗೆ ಬರುವುದು ಕಡಿಮೆ.

ಬಾಯಿ ಮುಚ್ಚಿದರೂ ದೇಹ ಮಾತನಾಡುತ್ತದೆ. ನಿದ್ದೆ ನಡುರಾತ್ರಿಯಲ್ಲಿ ಒಡೆಯುತ್ತದೆ. ಹಸಿವು ಕೆಡುತ್ತದೆ, ಇಲ್ಲವೆ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವ ಚಪಲ ಹುಟ್ಟುತ್ತದೆ. ಒತ್ತಡದಲ್ಲಿ ಸ್ರವಿಸುವ ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ಹಾರ್ಮೋನುಗಳು ರಕ್ತದಲ್ಲಿ ಸಕ್ಕರೆಯ ಅಂಶವನ್ನೂ ರಕ್ತದೊತ್ತಡವನ್ನೂ ಏರಿಸುವುದರಿಂದ ಮಧುಮೇಹಿಗಳಿಗೆ ತೊಂದರೆ ಇಮ್ಮಡಿಯಾಗುತ್ತದೆ. ‘ಯಾರಿಗಾಗಿ ಬದುಕಬೇಕು’ ಎಂಬ ಬೇಸರದಲ್ಲಿ ಮಾತ್ರೆಗಳನ್ನು ತಪ್ಪಿಸುವವರೂ ಉಂಟು. ಹಬ್ಬದ ದಿನಗಳಲ್ಲಿ ಈ ನೋವು ಉಲ್ಬಣಿಸುತ್ತದೆ. ಪಂಚಮಿಗೆ ಕರೆಯಲು ಅಣ್ಣ ಬಾರದ ತಂಗಿಗೂ, ಯುಗಾದಿಯ ಬೇವುಬೆಲ್ಲವನ್ನು ಒಬ್ಬರೇ ತಿನ್ನುವ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡಿಗೆ ಮಾಡುವ ಕೆಲಸ

ಈ ದುಃಖದ ಮುಖ್ಯ ಲಕ್ಷಣವೆಂದರೆ ಚಿಂತೆಯ ಮೆಲುಕು. ಅಂದು ಅವನು ಆಡಿದ ಮಾತು, ನಾವು ಕೊಡಬಹುದಾಗಿದ್ದ ಉತ್ತರ, ಮಧ್ಯೆ ಬಂದವರು ಮಾಡಿದ ಚಾಡಿ ಇವೆಲ್ಲ ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಮೆಲುಕನ್ನೇ ಪರೀಕ್ಷಿಸಿತು. 38 ಜನರಲ್ಲಿ ಒಂದು ಗುಂಪು ಮರಗಳಿರುವ ಹುಲ್ಲುಗಾವಲಿನಲ್ಲಿ 90 ನಿಮಿಷ ನಡೆಯಿತು, ಇನ್ನೊಂದು ಗುಂಪು ವಾಹನಗಳಿಂದ ತುಂಬಿದ ರಸ್ತೆಯ ಬದಿಯಲ್ಲಿ ಅಷ್ಟೇ ಹೊತ್ತು ನಡೆಯಿತು. ನಿಸರ್ಗದಲ್ಲಿ ನಡೆದವರ ಚಿಂತೆಯ ಮೆಲುಕು ಕಡಿಮೆಯಾಗಿತ್ತು, ಮಿದುಳಿನಲ್ಲಿ ಅದಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ತಗ್ಗಿತ್ತು. ರಸ್ತೆಯಲ್ಲಿ ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಆದರೂ ಅದು ಸೂಚಿಸುವ ದಿಕ್ಕು ಸ್ಪಷ್ಟವಾಗಿದೆ.

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿವೆಯೆಂದು ಹೇಳುವ ಸಂಭವ ಹೆಚ್ಚಾಗಿತ್ತು. ಆ ಹೊತ್ತನ್ನು ಒಂದೇ ದಿನ ಕಳೆದರೂ, ಹಲವು ದಿನಗಳಿಗೆ ಹಂಚಿಕೊಂಡರೂ ಫಲದಲ್ಲಿ ಭೇದವಿರಲಿಲ್ಲ. ಆದುದರಿಂದ ದಿನಕ್ಕೆ ಇಪ್ಪತ್ತು ನಿಮಿಷದ ನಡಿಗೆಯನ್ನು ಯಾರೂ ಅಲ್ಪವೆಂದು ಭಾವಿಸಬೇಕಾಗಿಲ್ಲ. ಇದಕ್ಕಾಗಿ ಮಲೆನಾಡಿಗೆ ಹೋಗಬೇಕೆಂಬ ನಿಯಮವೂ ಇಲ್ಲ. ಊರ ಕೆರೆಯ ಏರಿ, ಹೊಲದ ಬದು, ಗುಡ್ಡದ ಕಾಲುದಾರಿ, ಪಟ್ಟಣದ ಉದ್ಯಾನ ಇವುಗಳಲ್ಲಿ ಯಾವುದಾದರೂ ಸಾಕು.

ಚಿತ್ರ ಏಕೆ ಬೇಕು?

ಬರಿಯ ನಡಿಗೆಯಲ್ಲಿ ಕಾಲು ಮುಂದೆ ಹೋದರೂ ಮನಸ್ಸು ಹಿಂದೆಯೇ ಉಳಿಯಬಹುದು. ಕಣ್ಣಿಗೊಂದು ಕಾಯಕ ಕೊಟ್ಟರೆ ಮನಸ್ಸು ಅದರ ಜೊತೆಗೆ ಬರುತ್ತದೆ. ಗೀಜಗ ಒಂದೊಂದೇ ಹುಲ್ಲೆಳೆಯನ್ನು ತಂದು ಗೂಡು ನೇಯುವುದನ್ನು ಚಿತ್ರವಾಗಿ ಹಿಡಿಯಬೇಕಾದರೆ ಉಸಿರು ಬಿಗಿಹಿಡಿದು ಕಾಯಬೇಕು. ಹಾಗೆ ಕಾಯುವ ಐದು ನಿಮಿಷ ಹಳೆಯ ಜಗಳಕ್ಕೆ ಎಡೆಯಿರುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳನ್ನು ತೆಗೆದದ್ದನ್ನು ನಮ್ಮ ಓದುಗರು ಬಲ್ಲರು. ಅಷ್ಟು ದೊಡ್ಡ ಕ್ಯಾಮೆರಾ ನಮಗೆ ಬೇಡ, ಕೈಯಲ್ಲಿರುವ ಮೊಬೈಲ್ ಸಾಕು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಲಿಂಡಾ ಹೆಂಕಲ್ ಎಂಬ ಸಂಶೋಧಕಿ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಸ್ತುಗಳ ಚಿತ್ರವನ್ನು ಸುಮ್ಮನೆ ತೆಗೆದುಕೊಂಡು ಮುಂದೆ ಹೋದವರಿಗೆ ಅವು ನೆನಪಿನಲ್ಲಿ ಕಡಿಮೆ ಉಳಿದವು. ವಸ್ತುವಿನ ಒಂದು ಭಾಗವನ್ನು ಮಾತ್ರ ಹತ್ತಿರದಿಂದ ತೆಗೆದವರ ನೆನಪು ಮಾತ್ರ ಹೀಗೆ ಕುಂದಲಿಲ್ಲ. ಇದರ ಪಾಠವೆಂದರೆ, ನೂರು ಚಿತ್ರ ತೆಗೆಯುವುದು ನೋಡುವುದನ್ನೇ ತಪ್ಪಿಸುತ್ತದೆ. ಗಮನವಿಟ್ಟು ಆಯ್ದ ಒಂದು ಚಿತ್ರ ನೋಟವನ್ನು ಹರಿತಗೊಳಿಸುತ್ತದೆ.

ಅಭ್ಯಾಸದ ಕ್ರಮ

ಒಂದು. ಹತ್ತಿರದ ಒಂದೇ ದಾರಿಯನ್ನು ಆರಿಸಿಕೊಳ್ಳಿರಿ. ಅದರಲ್ಲಿ ಒಂದು ಮರವನ್ನು ಗುರುತಿಸಿ, ವಾರಕ್ಕೊಮ್ಮೆ ಅದೇ ಸ್ಥಳದಲ್ಲಿ ನಿಂತು ಅದರ ಚಿತ್ರ ತೆಗೆಯಿರಿ. ಹೊಂಗೆ ಎಲೆಯುದುರಿಸಿ ಚಿಗುರುವುದು, ಮುತ್ತುಗ ಬೋಳಾದ ಕೊಂಬೆಯಲ್ಲಿ ಕೆಂಡದಂತೆ ಅರಳುವುದು, ಬೇವು ಹೂಬಿಡುವುದು ವರ್ಷದ ಕೊನೆಗೆ 52 ಚಿತ್ರಗಳಲ್ಲಿ ಕಣ್ಣಮುಂದೆ ನಿಲ್ಲುತ್ತವೆ. ದಿನಗಳೆಲ್ಲ ಒಂದೇ ಎಂದು ತೋರುವ ದುಃಖಿಗೆ ಕಾಲ ಚಲಿಸುತ್ತಿರುವುದನ್ನು ತಾನೇ ಕಂಡುಕೊಳ್ಳುವುದಕ್ಕೆ ಇದೊಂದು ದಾರಿ.

ಎರಡು. ಸೂರ್ಯೋದಯದ ನಂತರದ ಒಂದು ಗಂಟೆ ನಡಿಗೆಗೂ ಚಿತ್ರಕ್ಕೂ ಉತ್ತಮ. ಬಿಸಿಲು ಎಳೆಯದಾಗಿದ್ದು ಪಕ್ಕದಿಂದ ಬೀಳುವುದರಿಂದ ಎಲೆಯ ನರ, ಹಕ್ಕಿಯ ಗರಿ ಬಿಡಿಬಿಡಿಯಾಗಿ ಕಾಣುತ್ತವೆ.

ಮೂರು. ಮೊದಲು ಎರಡು ನಿಮಿಷ ಬರಿಗಣ್ಣಿನಿಂದ ನೋಡಿರಿ, ಆಮೇಲೆ ಮೊಬೈಲ್ ತೆಗೆಯಿರಿ. ಎರಡೂ ಕೈಗಳಿಂದ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಕೈ ನಡುಗುವುದಿಲ್ಲ. ಒಂದು ನಡಿಗೆಗೆ ಐದು ಚಿತ್ರಗಳ ಮಿತಿ ಇರಲಿ. ಗೂಡಿನ ಸಮೀಪಕ್ಕೆ ಹೋಗಬಾರದು. ಹೋದರೆ ತಾಯಿಹಕ್ಕಿ ಗೂಡನ್ನು ತೊರೆಯಬಹುದು.

ನಾಲ್ಕು. ನಡೆಯುವಾಗ ಮೊಬೈಲಿನ ಕರೆ, ಸಂದೇಶಗಳತ್ತ ಗಮನ ಬೇಡ. ದೂರವಾದವರು ಹಾಕಿದ ‘ಸ್ಟೇಟಸ್’ ನೋಡುವ ಚಟವಿದ್ದರೆ ಆ ಹೊತ್ತಿನಲ್ಲಾದರೂ ಇಂಟರ್ನೆಟ್ಟನ್ನು ಬಂದ್ ಮಾಡಿರಿ. ಇಲ್ಲವಾದರೆ ಮರೆಯಲು ಹಿಡಿದ ಉಪಕರಣವೇ ಗಾಯವನ್ನು ಕೆದಕುತ್ತದೆ.

ಐದು. ಹೊರಡುವ ಮೊದಲು ಹೋಗುವ ದಾರಿಯನ್ನು ಒಬ್ಬರಿಗೆ ತಿಳಿಸಿರಿ. ನೀರು, ಕಾಲುಮುಚ್ಚುವ ಪಾದರಕ್ಷೆ ಇರಲಿ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲವನ್ನೋ ಸಕ್ಕರೆಯನ್ನೋ ಇಟ್ಟುಕೊಳ್ಳಬೇಕು. ಚಿರತೆ, ಕರಡಿಗಳ ಸಂಚಾರವಿರುವ ಗುಡ್ಡಗಳಿಗೆ ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಒಬ್ಬರೇ ಹೋಗಕೂಡದು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಂತು ನೆರವು ಕೇಳಬೇಕು.

ಶಕುನ ಹಿಡಿಯಬಾರದು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣವೆಂಬ ಮಾನ್ಯತೆಯನ್ನೂ ಪಡೆಯಿತು. ಸಾವಿರಾರು ಮೈಲಿಗಳಾಚೆಯಿಂದ ಹಕ್ಕಿ ಮರಳಿ ಬಂದಿತು, ಪಕ್ಕದ ಊರಿನಿಂದ ಮಗ ಬರಲಿಲ್ಲವಲ್ಲ ಎಂದು ಕೆರೆಯ ದಂಡೆಯಲ್ಲಿ ಕಣ್ಣೀರು ಬರುವುದು ಸಹಜ. ಬರಲಿ, ಅದನ್ನು ತಡೆಯುವುದು ಬೇಡ. ಹಕ್ಕಿ ಬಂದುದರಿಂದ ಮಗನೂ ಬರುವನೆಂದಾಗಲಿ, ಬಾರದಿದ್ದರೆ ಎಲ್ಲವೂ ಮುಗಿಯಿತೆಂದಾಗಲಿ ತೀರ್ಮಾನಿಸುವುದು ಮಾತ್ರ ಸಲ್ಲದು. ಹಕ್ಕಿಯನ್ನು ಹಕ್ಕಿಯಾಗಿ ನೋಡುವುದೇ ಈ ಅಭ್ಯಾಸದ ತಿರುಳು. ಪಾಲೀನ್ ಬಾಸ್ ಅವರೂ ಇಂತಹ ದುಃಖದಲ್ಲಿರುವವರಿಗೆ ಮುಕ್ತಾಯವನ್ನು ಹುಡುಕಲು ಹೇಳುವುದಿಲ್ಲ. ‘ಬರಬಹುದು, ಬಾರದಿರಬಹುದು’ ಎಂಬ ಎರಡನ್ನೂ ಒಟ್ಟಿಗೆ ಹೊತ್ತು ಬದುಕುವುದನ್ನು ಕಲಿಯಬೇಕೆನ್ನುತ್ತಾರೆ.

ಏಕಾಂತ ಒಂಟಿತನವಾಗದಿರಲಿ

ಒಬ್ಬರೇ ನಡೆಯುವುದು ಹಿತವೆನಿಸಿದಾಗ ಜನರಿಂದಲೇ ದೂರವಾಗುವ ಅಪಾಯವಿದೆ. ಮದುವೆಗೆ ಹೋದರೆ ಮಗನ ವಿಷಯ ಕೇಳುವರೆಂದು ಮದುವೆಯನ್ನು ತಪ್ಪಿಸಿ, ಜಾತ್ರೆಯಲ್ಲಿ ತಮ್ಮನು ಎದುರಾಗುವನೆಂದು ಜಾತ್ರೆಯನ್ನು ತಪ್ಪಿಸಿ, ಕೊನೆಗೆ ಕೆರೆಯ ದಂಡೆಯೊಂದೇ ಉಳಿದರೆ ನಡಿಗೆ ಅಡಗುದಾಣವಾಯಿತೆಂದು ತಿಳಿಯಬೇಕು. ಇದಕ್ಕೆ ಸುಲಭವಾದ ಒಂದು ಉಪಾಯವಿದೆ. ತೆಗೆದ ಐದು ಚಿತ್ರಗಳಲ್ಲಿ ಒಂದನ್ನು ಅದೇ ದಿನ ಯಾರಿಗಾದರೂ ತೋರಿಸಿರಿ. ನೆರೆಮನೆಯ ಮಗುವಿಗೆ ಮಿಂಚುಳ್ಳಿಯನ್ನು ತೋರಿಸಿ ಹೆಸರು ಹೇಳಿಕೊಡಬಹುದು. ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು ‘ಈ ಗಿಡಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ?’ ಎಂದು ಕೇಳಬಹುದು. ಮನೆಯ ಕಥೆಯನ್ನು ತೆರೆಯದೆಯೂ ಮನುಷ್ಯರ ಜೊತೆ ಮಾತು ಬೆಳೆಯುತ್ತದೆ.

ಚಿತ್ರವನ್ನು ಅವರಿಗೆ ಕಳುಹಿಸಬೇಕೆ?

ಅನೇಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು. ಬಾಲ್ಯದಲ್ಲಿ ತಮ್ಮನ ಜೊತೆ ಹತ್ತಿದ ಹುಣಸೆಮರದ ಚಿತ್ರವನ್ನು ಅವನಿಗೆ ಕಳುಹಿಸಿದರೆ ಹೇಗೆ? ಪಿಲ್ಲೆಮರ್ ಅವರು ಮತ್ತೆ ಒಂದಾದ ಸುಮಾರು ನೂರು ಜನರನ್ನು ಮಾತನಾಡಿಸಿದಾಗ ಕಂಡುಬಂದ ಒಂದು ಸಂಗತಿ ಇಲ್ಲಿ ಉಪಯುಕ್ತ. ‘ನಡೆದದ್ದು ಹೀಗೆಯೇ, ತಪ್ಪು ನಿನ್ನದೇ ಎಂದು ಒಪ್ಪಿಕೊ’ ಎಂಬ ಹಟವನ್ನು ಬಿಟ್ಟಾಗ ಅವರಲ್ಲಿ ಅನೇಕರಿಗೆ ದಾರಿ ತೆರೆಯಿತು. ಹಾಗಾಗಿ ಕಳುಹಿಸುವುದಾದರೆ ಚಿತ್ರದ ಜೊತೆ ಆಕ್ಷೇಪಣೆಯನ್ನಾಗಲಿ, ಕಣ್ಣೀರಿನ ಲೆಕ್ಕವನ್ನಾಗಲಿ ಸೇರಿಸಬಾರದು. ‘ಇಂದು ಈ ಮರ ಕಂಡಿತು, ನೆನಪಾಯಿತು’ ಎಂಬಷ್ಟು ಸಾಕು. ಉತ್ತರ ಬಾರದಿದ್ದರೂ ತಾಳಿಕೊಳ್ಳಬಲ್ಲೆನೆ ಎಂದು ಮೊದಲೇ ತಮ್ಮನ್ನು ತಾವು ಕೇಳಿಕೊಳ್ಳಬೇಕು. ತಾಳಲಾರೆನೆನಿಸಿದರೆ ಚಿತ್ರ ಸದ್ಯಕ್ಕೆ ಮೊಬೈಲಿನಲ್ಲಿಯೇ ಇರಲಿ. ಸಂಪರ್ಕ ಬೇಡವೆಂದು ಅವರು ಸ್ಪಷ್ಟವಾಗಿ ಹೇಳಿದ್ದರೆ ಆ ಮಾತನ್ನು ಗೌರವಿಸಬೇಕು. ಹೊಡೆತ, ಹಿಂಸೆ, ಕುಡಿತದ ಕಾಟದಿಂದ ಪಾರಾಗಲು ದೂರವಾದವರು ಇದ್ದಾರೆ. ಅವರು ಹಂಬಲಿಸಿದ ಮಾತ್ರಕ್ಕೆ ಹಿಂದಿರುಗಬೇಕಾಗಿಲ್ಲ. ಹಂಬಲವೂ ಎಚ್ಚರವೂ ಒಂದೇ ಮನಸ್ಸಿನಲ್ಲಿ ಇರಬಲ್ಲವು.

ವೈದ್ಯರ ನೆರವು ಯಾವಾಗ?

ಎರಡು ವಾರಗಳಿಗಿಂತ ಹೆಚ್ಚು ಕಾಲ ನಿದ್ದೆ, ಊಟ ಸರಿಯಿಲ್ಲದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ವಿಚಾರ ಸುಳಿದರೆ ಒಂದು ದಿನವೂ ತಡಮಾಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ, ಹಗಲಿರುಳು ದೊರೆಯುತ್ತದೆ. ಕನ್ನಡದಲ್ಲಿಯೂ ಮಾತನಾಡಬಹುದು. ನಡಿಗೆ ಚಿಕಿತ್ಸೆಗೆ ಜೊತೆಯಾಗಬಲ್ಲದು, ಅದರ ಸ್ಥಾನವನ್ನು ತುಂಬಲಾರದು.

ಹೋದ ಸಂಬಂಧವನ್ನು ಮರಳಿ ತರುವ ಶಕ್ತಿ ನಡಿಗೆಗೂ ಇಲ್ಲ, ಚಿತ್ರಕ್ಕೂ ಇಲ್ಲ. ಒಂದು ವೇಳೆ ಬಾಗಿಲು ತಟ್ಟುವ ಸದ್ದು ಕೇಳಿದರೆ ಎದ್ದು ತೆರೆಯಲು ಕಾಲಲ್ಲಿ ಕಸುವು, ಮಾತನಾಡಲು ಮನಸ್ಸಿನಲ್ಲಿ ಸಮಾಧಾನ ಇರಬೇಕಲ್ಲವೆ? ಸದ್ದು ಕೇಳದಿದ್ದರೂ ಉಳಿದ ಆಯುಷ್ಯ ನಮ್ಮದೇ ಆಗಿದೆ. ಆದ್ದರಿಂದ ಈ ತಿಂಗಳು ನಿಮ್ಮ ದಾರಿಯ ಒಂದು ಮರವನ್ನು ಗುರುತಿಸಿ, ಮೊದಲನೆಯ ಚಿತ್ರವನ್ನು ತೆಗೆಯಿರಿ.